ಅಬ್ಬಿಗೆರೆಯ ಕಲ್ಲಿಗೆ ಪಡಿಯಚ್ಚು

ಅಬ್ಬಿಗೆರೆಯ ಚನ್ನಕೇಶವ ತಮ್ಮ ಹಳೇ ಹೊಲದ ಜಾಗದಲ್ಲಿ ಬಾಡಿಗೆ ಮನೆ ಕಟ್ಟಿಸುತ್ತಿದ್ದರು. ಅಲ್ಲಿ ಕೆತ್ತನೆಯಿದ್ದ ಎರಡು ಹಳೇ ಕಲ್ಲುಗಳಿದ್ದವು. ಶುಕ್ರವಾರ ಜೆಸಿಬಿ ಒಂದನ್ನು ಒಡೆದು ಹಾಕಿತು. ಆ ಕಲ್ಲುಗಳಿಗೆ ಐವತ್ತು ವರ್ಷ ಹೂವಿಟ್ಟಿದ್ದ ತಾಯಿ ಲಕ್ಷ್ಮಿದೇವಮ್ಮ ಅವತ್ತಿನಿಂದ ಸರಿಯಾಗಿ ಊಟ ಮಾಡಲಿಲ್ಲ.

"ಸವೆದೋಗಿದ್ದ ಕಲ್ಲು ಕಣಮ್ಮ. ಗ್ರಾನೈಟಲ್ಲಿ ಹೊಸದು ಮಾಡಿಸ್ಕೊಡ್ತೀನಿ."

"ಅದ್ರಲ್ಲಿ ಯಾರಿದ್ರು ಅಂತ ಗೊತ್ತೇನಪ್ಪ ನಿಂಗೆ?"

ಮಗ ಕೆಲಸದವರ ಕಡೆ ಹೊರಟುಹೋದರು.

ಸುದ್ದಿ ಕೇಳಿ ಭಾನುವಾರ ಪಕ್ಕದ ಬೀದಿಯ ವೇದಾ ಬಂದರು. ಮಹಿಳಾ ಸಂಘದವರಿಗೆ ಅಚ್ಚು ಹಾಕುವ ಕಲೆ ಕಲಿಸುವವರು. ಚೀಲದಲ್ಲಿ ಹಳೇ ಬಟ್ಟೆಯಿಂದ ಮಾಡಿದ ಕಾಗದ, ದೀಪದ ಮಸಿಗೆ ಜಾಲಿಮರದ ಅಂಟು ಕಲಸಿದ ಶಾಯಿ ಇದ್ದವು.

"ಉಳಿದಿರೋ ಕಲ್ಲಿಂದಾದ್ರೂ ಕಾಗದದ ಮೇಲೆ ಪಡಿಯಚ್ಚು ತೆಗೀತೀನಿ ಕಣ್ರೀ," ಎಂದರು.

"ಮಸಿ ಬಳಿದು ಅದನ್ನೂ ಹಾಳ್ಮಾಡ್ತೀರಾ?" ಚನ್ನಕೇಶವ ಕೇಳಿದರು.

"ಮಸಿ ಕಾಗದಕ್ಕೆ ಮಾತ್ರ. ಕಲ್ಲಿಗೆ ಬರೀ ನೀರು. ಕೆಮಿಕಲ್ ಇಲ್ಲ, ಪ್ಲಾಸ್ಟಿಕ್ ಇಲ್ಲ."

ವೇದಾ ಕಲ್ಲನ್ನು ಮೆಲ್ಲಗೆ ತೊಳೆದರು. ಒದ್ದೆ ಕಾಗದ ಹೊದಿಸಿ, ಕೆತ್ತನೆಯ ಸಂದಿಗೆ ಇಳಿಯುವಂತೆ ಬ್ರಷ್‌ನಿಂದ ತಟ್ಟಿದರು. ಅದು ಅರೆ ಒಣಗಿದ ಮೇಲೆ ಬಟ್ಟೆಯುಂಡೆಯಿಂದ ಶಾಯಿ ಒತ್ತಿದರು. ಬಿಲ್ಲು ಹಿಡಿದ ಗಂಡಸು ಮೂಡಿದ. ಅವನ ಕಾಲ ಬಳಿ ಒಂದು ಕೊಕ್ಕರೆ. ಕೆಳಗೆ ಎರಡು ಸಾಲು ಅಕ್ಷರ.

"ಅಯ್ಯೋ, ಕೊಕ್ಕರೆ!" ಲಕ್ಷ್ಮಿದೇವಮ್ಮ ಕಾಗದದ ಹತ್ತಿರ ಬಾಗಿದರು. "ನಾನು ಮದ್ವೆಯಾಗಿ ಬಂದಾಗ ಕೆರೇಲಿ ಇಂಗೇ ನಿಂತಿರ್ತಿದ್ವು."

"ಇಲ್ಲಿ 'ಕೆರೆ' ಅಂತಿದೆ ನೋಡಿ," ವೇದಾ ಬೆರಳಿಟ್ಟು ತೋರಿಸಿದರು. "ಮಿಕ್ಕಿದ್ದನ್ನ ತಿಳಿದವರ ಹತ್ರ ಓದಿಸ್ಬೇಕು."

ಚನ್ನಕೇಶವ ಹತ್ತಿರ ಬಂದು ನೋಡಿದರು. "ಒಡೆದಿದ್ರಲ್ಲಿ ಏನಿತ್ತು, ಮೇಡಂ?"

"ಗೊತ್ತಿಲ್ಲ, ಕೇಶವಣ್ಣ. ಯಾರೂ ಅಚ್ಚು ತೆಗೆದಿರ್ಲಿಲ್ಲ."

ಚನ್ನಕೇಶವ ಒಡೆದ ಕಲ್ಲಿನ ರಾಶಿಯ ಕಡೆ ಹೋದರು. ಸಂಜೆಯವರೆಗೂ ಹುಡುಕಿದರು. ಸಿಕ್ಕಿದ್ದು ಒಂದೇ ಚೂರು. ಅದರಲ್ಲಿ ಬಳೆ ತೊಟ್ಟ ಒಂದು ಕೈ ಇತ್ತು. ವೇದಾ ಹೇಳಿಕೊಟ್ಟಂತೆ ಲಕ್ಷ್ಮಿದೇವಮ್ಮ ತಾವೇ ಅದರ ಅಚ್ಚು ತೆಗೆದರು.

"ಯಾವ ತಾಯಿಯೋ," ಎಂದು ಕಣ್ಣೊರೆಸಿಕೊಂಡರು.

"ತಪ್ಪಾಯ್ತಮ್ಮ," ಎಂದರು ಚನ್ನಕೇಶವ.

ಮರುದಿನ ಮೇಸ್ತ್ರಿಗೆ ಹೇಳಿದರು: "ಗೋಡೆ ಮೂರಡಿ ಹಿಂದಕ್ಕೆ ತಗೊಳ್ಳಿ. ಕಲ್ಲು ಇದ್ದಲ್ಲೇ ಇರ್ಲಿ." ಪುರಾತತ್ವ ಇಲಾಖೆಗೂ ಪತ್ರ ಬರೆದರು. ಈಗ ಅವರ ಬೀದಿಯ ಎಲ್ಲ ಮನೆಗಳಲ್ಲೂ ಆ ಪಡಿಯಚ್ಚಿನ ಪ್ರತಿ ಇದೆ. ಚೂರಿನಲ್ಲಿದ್ದ ಕೈ ಯಾರದೆಂದು ಇನ್ನೂ ತಿಳಿದಿಲ್ಲ.

ನಿಮ್ಮ ಬೀದಿಯಲ್ಲೂ ಇಂಥ ಕಲ್ಲು ಇರಬಹುದು. ಅದಕ್ಕೆ ಪೇಂಟ್ ಬಳಿಯಬೇಡಿ, ಕಿತ್ತು ಹಾಕಬೇಡಿ. ಇಲಾಖೆಗೆ ತಿಳಿಸಿ. ಬಲ್ಲವರನ್ನು ಕರೆಸಿ, ಅಕ್ಕಪಕ್ಕದವರೆಲ್ಲ ಸೇರಿ ಅಚ್ಚು ತೆಗೆಸಿ. ಈ ವಾರವೇ ಹೋಗಿ ನೋಡಿ.