ಎದುರಿನ ದವಾಖಾನೆಯ ಕೈಗುಣ

ಕುಕನೂರಿನ ಬಸ್ ನಿಲ್ದಾಣದ ರಸ್ತೆಯಲ್ಲಿ ಎದುರುಬದುರಾಗಿ ಎರಡು ದವಾಖಾನೆಗಳಿದ್ದವು. ಒಂದು ಡಾಕ್ಟರ್ ಪ್ರಭುರಾಜನದು, ಇನ್ನೊಂದು ಡಾಕ್ಟರ್ ಶರಣಬಸಪ್ಪನದು. ಇಬ್ಬರೂ ಬಳ್ಳಾರಿಯಲ್ಲಿ ಒಂದೇ ಕೋಣೆಯಲ್ಲಿದ್ದು ಓದಿದವರು. ಪ್ರತಿ ಪರೀಕ್ಷೆಯಲ್ಲೂ ಶರಣಬಸಪ್ಪನಿಗೇ ಅಂಕ ಹೆಚ್ಚು. ಆದರೆ ಜನ ಅಂಕ ಕೇಳಿಕೊಂಡು ಡಾಕ್ಟರ ಹತ್ತಿರ ಬರುವುದಿಲ್ಲ. ಪ್ರಭುರಾಜನ ಕೈಗುಣ ಛಲೋ ಎಂದು ಯಾರೋ ಒಬ್ಬರು ಅಂದರು, ಆಮೇಲೆ ಊರೆಲ್ಲ ಅಂದಿತು.

ಆ ಊರಿನವರಿಗೆ ಒಂದು ರೂಢಿ. ಔಷಧಿ ಯಾವುದೇ ಇರಲಿ, ಮೊದಲ ಗುಳಿಗೆಯನ್ನು ಡಾಕ್ಟರು ತಮ್ಮ ಕೈಯಾರೆ ರೋಗಿಯ ಅಂಗೈಗೆ ಹಾಕಬೇಕು. ಉಳಿದದ್ದನ್ನು ಯಾರು ಕೊಟ್ಟರೂ ನಡೆಯುತ್ತದೆ. ಶರಣಬಸಪ್ಪ ಬರೆದುಕೊಟ್ಟ ಗುಳಿಗೆಯನ್ನು ಅಂಗಡಿಯಲ್ಲಿ ಕೊಂಡು, ರಸ್ತೆ ದಾಟಿ, ಮೊದಲನೆಯದನ್ನು ಪ್ರಭುರಾಜನ ಕೈಯಿಂದ ಈಸಿಕೊಂಡು ಮನೆಗೆ ಹೋಗುವವರೂ ಇದ್ದರು. ಒಮ್ಮೆ ಅದನ್ನು ಕಿಟಕಿಯಿಂದ ನೋಡಿದ ಶರಣಬಸಪ್ಪ ಮರುದಿನವೇ ಕಿಟಕಿಗೆ ದಪ್ಪನೆಯ ಪರದೆ ಹಾಕಿಸಿದ.

ಪ್ರಭುರಾಜ ಚುನಾವಣೆಗೆ ನಿಂತಾಗ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ಶರಣಬಸಪ್ಪನೇ. ಸೋತರೆ ಮಾನ ಹೋಗುತ್ತದೆ, ಗೆದ್ದರೆ ಊರು ಬಿಟ್ಟು ಹೋಗುತ್ತಾನೆ ಎಂದು ಅವನ ಲೆಕ್ಕ. ಪ್ರಭುರಾಜ ಗೆದ್ದ. ಎರಡನೆಯ ಸಲವೂ ಗೆದ್ದು ಆರೋಗ್ಯ ಮಂತ್ರಿಯಾದ. ಎದುರಿನ ದವಾಖಾನೆಗೆ ಬೀಗ ಬಿತ್ತು. ಶರಣಬಸಪ್ಪ ಪರದೆ ತೆಗೆಸಿದ.

ರೋಗಿಗಳೇನೋ ಬಂದರು. ಆದರೆ ಕುರ್ಚಿಯಲ್ಲಿ ಕೂತು ಅವರು ನೋಡುತ್ತಿದ್ದದ್ದು ಕಿಟಕಿಯಾಚೆಯ ಆ ಬೀಗವನ್ನು. "ಪ್ರಭುರಾಜ ಸಾಹೇಬ್ರಿದ್ದಾಗ ಒಂದs ಗುಳಿಗಿಗೆ ಜ್ವರ ಇಳೀತಿತ್ರಿ" ಅನ್ನುವರು. ಟಿವಿ ಹಾಕಿದರೆ ಅಲ್ಲಿಯೂ ಅವನೇ, ಬಿಳಿ ಅಂಗಿ ಹಾಕಿಕೊಂಡು ಯಾವುದೋ ಆಸ್ಪತ್ರೆಯ ರಿಬ್ಬನ್ ಕತ್ತರಿಸುತ್ತಿರುವನು. ಶರಣಬಸಪ್ಪ ಚಾನೆಲ್ ಬದಲಿಸುವನು. ಹೆಂಡತಿ ಶಿವಬಸಮ್ಮ ನಗುವಳು. "ಅವ್ರು ನಿಮಗೇನ್ ಮಾಡ್ಯಾರ?" ಎಂದು ಅವಳು ಕೇಳುವಳು. ಏನೂ ಮಾಡಿರಲಿಲ್ಲ ಎನ್ನುವುದೇ ಅವನ ಸಂಕಟವಾಗಿತ್ತು.

ಹೀಗಿರುವಾಗ ಮಾರೆವ್ವ ಬಂದಳು. ಸಕ್ಕರೆ ಕಾಯಿಲೆಯ ಮುದುಕಿ. ಹೊಲದಲ್ಲಿ ಜಾಲಿಮುಳ್ಳು ಚುಚ್ಚಿದ್ದ ಪಾದ ಊದಿಕೊಂಡು, ಎರಡು ಬೆರಳು ಕಪ್ಪಾಗಿದ್ದವು. ಬಟ್ಟೆ ಬಿಚ್ಚುವ ಮೊದಲೇ ಶರಣಬಸಪ್ಪನಿಗೆ ವಾಸನೆಯಿಂದ ಗೊತ್ತಾಯಿತು.

"ಇದು ನನ್ನ ಕೈಯಾಗಿಂದಲ್ಲ. ಇವತ್ತs ಕೊಪ್ಪಳದ ದೊಡ್ಡ ದವಾಖಾನಿಗೆ ಹೋಗಬೇಕು. ಬೆರಳು ತೆಗೀತಾರ. ತಡ ಮಾಡಿದ್ರ ಕಾಲು ಹೋಗ್ತೈತಿ, ಅದೂ ಮೀರಿದ್ರ ಜೀವಕ್ಕ ಬರ್ತೈತಿ" ಅಂದ.

"ನಾ ಒಲ್ಲೆನ್ರಿ ಯಪ್ಪಾ. ಕೊಯ್ಯೂ ಮಾತು ನೀವು ಹೇಳಿದ್ರ ಹ್ಯಾಂಗ? ಪ್ರಭುರಾಜ ಸಾಹೇಬ್ರು ಒಮ್ಮೆ ಕೈ ಹಚ್ಚಿ ಹೋಗು ಅಂದ್ರ ಹೋಗ್ತೀನಿ."

"ಅವ್ನು ಈಗ ಮಂತ್ರಿ ಆಗ್ಯಾನ, ಡಾಕ್ಟರ್ ಅಲ್ಲ."

"ಮಂತ್ರಿ ಆದ್ರ ಕೈ ಬದಲಾಗ್ತಾವೇನ್ರಿ?"

ಮಗ ಹೇಮಪ್ಪ ತಲೆ ಕೆರೆದುಕೊಂಡ. "ನಾಳೆ ಮುಂಜಾನಿ ಸಾಹೇಬ್ರು ಯಲಬುರ್ಗಾ ಐಬಿಗೆ ಬರ್ತಾರಂತ್ರಿ. ನಮ್ಮಂಥವ್ರನ್ನ ಒಳಗ ಬಿಡಂಗಿಲ್ಲ. ನೀವು ಅವ್ರ ಗೆಣೆಯಾರು, ಒಂದ್ ಮಾತು ಹೇಳಿದ್ರ..."

"ನನಗ ಪುರಸೊತ್ತಿಲ್ಲ" ಎಂದು ಶರಣಬಸಪ್ಪ ಗಾಯ ತೊಳೆದು ಪಟ್ಟಿ ಕಟ್ಟಿದ. ಗುಳಿಗೆ ಕೊಡಲು ಹೋದರೆ ಮಾರೆವ್ವ ಕೈ ಹಿಂದಕ್ಕೆ ಎಳೆದುಕೊಂಡಳು.

ಮಧ್ಯಾಹ್ನ ಊಟಕ್ಕೆ ಕೂತವನು ರೊಟ್ಟಿ ಮುರಿಯದೆ ಇದನ್ನೆಲ್ಲ ಹೇಳಿದ. ಶಿವಬಸಮ್ಮ ಪಲ್ಯ ಬಡಿಸುತ್ತ, "ಕರ್ಕೊಂಡು ಹೋಗ್ರಿ ಮತ್ತ" ಅಂದಳು.

"ನಾ ಹೋಗಿ ಅವ್ನ ಬಾಗಿಲದಾಗ ನಿಂದರ್ಲೇನು?"

"ನಿಂದರಾಕ ನಿಮ್ಮ ಕಾಲು ಗಟ್ಟಿ ಅದಾವು. ಅಕಿ ಕಾಲು ಹೋದ್ರ ಅಕಿ ಎಲ್ಲಿ ನಿಂದರಬೇಕು?"

ಮರುದಿನ ಬೆಳಿಗ್ಗೆ ಅವನೇ ಕಾರು ತೆಗೆದು ತಾಯಿ ಮಗನನ್ನು ಕೂರಿಸಿಕೊಂಡ.

ಯಲಬುರ್ಗಾದ ಪ್ರವಾಸಿ ಮಂದಿರದ ಮುಂದೆ ಜನವೋ ಜನ. ಅರ್ಜಿ ಹಿಡಿದವರಿಗಿಂತ ರಟ್ಟೆ, ನಾಲಿಗೆ, ಕೂಸಿನ ಹೊಟ್ಟೆ ತೋರಿಸಲು ಬಂದವರೇ ಹೆಚ್ಚು. ಶರಣಬಸಪ್ಪ ಬಾಗಿಲಲ್ಲಿದ್ದ ಆಪ್ತ ಸಹಾಯಕನಿಗೆ ತನ್ನ ಹೆಸರು ಹೇಳಿ ಮುದುಕಿಯನ್ನು ಒಳಗೆ ಕಳಿಸಿದ. ತಾನು ಬೇವಿನ ಮರದ ಕೆಳಗೆ ಕಾರಿಗೆ ಒರಗಿ ನಿಂತ. ಒಳಗೆ ಹೋಗಿ ಆ ಹಾರ, ಆ ನಗು ನೋಡುವ ಮನಸ್ಸಿರಲಿಲ್ಲ. ಮಂತ್ರಿ ಕಾಲು ನೋಡುತ್ತಾನೆ, ಕೊಪ್ಪಳಕ್ಕೆ ಹೋಗು ಅನ್ನುತ್ತಾನೆ, ಮುಗಿಯಿತು ಅಂದುಕೊಂಡಿದ್ದ.

ಸ್ವಲ್ಪ ಹೊತ್ತಿಗೆ ಮಾರೆವ್ವ ಮಗನ ಹೆಗಲು ಹಿಡಿದು ಹೊರಗೆ ಬಂದಳು. ಮುಖ ಅರಳಿತ್ತು.

"ತಲಿ ಮ್ಯಾಲ ಕೈ ಇಟ್ರು ಯಪ್ಪಾ. ಎಲ್ಲಾ ಛಲೋ ಆಗ್ತೈತಿ, ಮನಿಗೆ ಹೋಗಿ ಆರಾಮ ಇರು ಅಂದ್ರು. ಫೋಟೋನೂ ಹೊಡದ್ರು. ಇನ್ನ ಕೊಪ್ಪಳ ಯಾಕ? ನಡಿಯೋ ಹೇಮಪ್ಪ."

"ಕಾಲು ನೋಡಿದ್ರೇನು?"

"ಸೀರಿ ಮುಚ್ಚಿತ್ರಿ" ಅಂದ ಹೇಮಪ್ಪ. "ಹಿಂದ ಮಂದಿ ದೂಡಾಕತ್ತಿದ್ರು. ನಾ ಹೇಳೂದ್ರೊಳಗ ಮುಂದಿನವ್ರು ಬಂದ್ರು."

ಶರಣಬಸಪ್ಪನ ಮನಸ್ಸಿನಲ್ಲಿ ಮೊದಲು ಮೂಡಿದ್ದು ಸಂತೋಷ. ಕಡೆಗೂ ಪ್ರಭುರಾಜ ತಪ್ಪಿದ್ದ, ಅದೂ ಊರೆದುರಿಗೆ. ಅಷ್ಟರಲ್ಲಿ ಗಾಳಿ ಬೀಸಿ ಪಟ್ಟಿಯ ವಾಸನೆ ಮೂಗಿಗೆ ಬಡಿಯಿತು. ಅವನು ಮೆಟ್ಟಿಲು ಹತ್ತಿ, ಸಾಲು ಸೀಳಿಕೊಂಡು ಒಳಗೆ ಹೋದ.

"ಬರ್ರಿ ಡಾಕ್ಟ್ರ" ಎಂದು ಪ್ರಭುರಾಜ ಎದ್ದು ನಿಂತ. "ನೋಡ್ರಪಾ, ಕಾಲೇಜಿನಾಗ ಇವ್ರ ನೋಟ್ಸ್ ಓದಿನ ನಾ ಪಾಸಾಗಿದ್ದು." ಜನ ನಕ್ಕರು.

"ಪ್ರಭು, ಆ ಮುದುಕಿಗೆ ಗ್ಯಾಂಗ್ರೀನ್ ಆಗೇತಿ. ಕೊಪ್ಪಳಕ್ಕ ಹೋಗು ಅಂತ ನಾ ಹೇಳಿದ್ರ ಕೇಳವಲ್ಲಳು. ನಿನ್ನ ಮಾತಾದ್ರ ಕೇಳ್ತಾಳ. ಈಗ ಕೇಳ್ಯಾಳ, ಮನಿಗೆ ಹೊಂಟಾಳ."

ಪ್ರಭುರಾಜನ ಮುಖದಿಂದ ನಗು ಹೋಯಿತು. ಹಾರ ತೆಗೆದು ಕುರ್ಚಿಯ ಮೇಲಿಟ್ಟು ಅವನು ಹೊರಗೆ ನಡೆದ. ಮಾರೆವ್ವಳನ್ನು ಮೆಟ್ಟಿಲ ಮೇಲೆ ಕೂರಿಸಿ, ತಾನು ಒಂದು ಮೆಟ್ಟಿಲು ಕೆಳಗೆ ಕೂತು, ಅವಳ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು ಪಟ್ಟಿ ಬಿಚ್ಚಿದ. ಬಿಳಿ ಪ್ಯಾಂಟಿಗೆ ಕೀವು ಹತ್ತಿತು. ಅವನು ನೋಡಲಿಲ್ಲ. ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದ. ಬೆರಳು ತಡಕಾಡಲಿಲ್ಲ, ಮೊದಲ ಸಲಕ್ಕೇ ಜಾಗ ಸಿಕ್ಕಿತು.

ಶರಣಬಸಪ್ಪನ ಹೊಟ್ಟೆಯಲ್ಲಿ ಬೆಂಕಿ ಬಿದ್ದದ್ದು ಆಗ. ಅವನಿಗೆ ಬೆಂಗಾವಲು ಕಾರು ಕಂಡು ಇಷ್ಟು ಉರಿದಿರಲಿಲ್ಲ, ಟಿವಿಯಲ್ಲಿ ಮುಖ ಕಂಡೂ ಉರಿದಿರಲಿಲ್ಲ. ಇಷ್ಟು ವರ್ಷ ರೋಗಿಯನ್ನು ಮುಟ್ಟದವನ ಬೆರಳು ವಿದ್ಯೆ ಮರೆತಿರಬೇಕಿತ್ತು. ಮರೆತಿರಲಿಲ್ಲ. ಊರಿನವರು ಅಂದದ್ದು ಪೂರಾ ಸುಳ್ಳಲ್ಲ ಎಂದು ಕಣ್ಣೆದುರಿಗೇ ಕಂಡಿತು.

"ಯವ್ವಾ, ನಾ ಕಾಲು ನೋಡದs ಮನಿಗೆ ಹೋಗು ಅಂದೆ. ತಪ್ಪಾತು" ಅಂದ ಪ್ರಭುರಾಜ. "ಡಾಕ್ಟ್ರು ಹೇಳಿದ್ದs ಖರೇ. ಇಲ್ಲಿಂದ ಸೀದಾ ಕೊಪ್ಪಳಕ್ಕ ನಡಿ."

"ನೀವs ಕೊಯ್ತೀರೇನ್ರಿ?"

"ನನ್ನ ಕೈಗೆ ಈಗ ರಿಬ್ಬನ್ ಕೊಯ್ಯೂದಷ್ಟs ಬರ್ತೈತಿ."

ಮುದುಕಿಯೂ ನಕ್ಕಳು. "ತಪ್ಪಾತು ಅಂತ ಎಷ್ಟ್ ಸಲೀಸಾಗಿ ಅಂದ್ರು ನೋಡು, ಇಂಥಾ ಮಂತ್ರಿ ಸಿಗಂಗಿಲ್ಲ" ಎಂದು ಹಿಂದಿನಿಂದ ಯಾರೋ ಅಂದರು. ತಪ್ಪಿದರೂ ಹೊಗಳಿಕೆ ಇವನಿಗೇ ಎಂದುಕೊಂಡು ಶರಣಬಸಪ್ಪ ಹಲ್ಲು ಕಚ್ಚಿದ.

ಆದರೆ ಮಾರೆವ್ವ ಏಳಲಿಲ್ಲ. ಅಂಗೈ ಚಾಚಿಕೊಂಡೇ ಕೂತಿದ್ದಳು. ಅವಳು ಯಾವುದಕ್ಕೆ ಕಾಯುತ್ತಿದ್ದಾಳೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಶರಣಬಸಪ್ಪ ಜೇಬಿಗೆ ಕೈ ಹಾಕಿ, ನಿನ್ನೆ ಅವಳು ಒಲ್ಲೆ ಅಂದಿದ್ದ ಗುಳಿಗೆ ತೆಗೆದ. ಒಂದು ಗಳಿಗೆ ಅದನ್ನು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದ. ಆಮೇಲೆ ಪ್ರಭುರಾಜನ ಕೈಗೆ ಹಾಕಿದ. ಪ್ರಭುರಾಜ ಅದನ್ನು ಮುದುಕಿಯ ಅಂಗೈಗೆ ಹಾಕಿದ. ಯಾವುದನ್ನು ನೋಡಲಾರದೆ ಕಿಟಕಿಗೆ ಪರದೆ ಹಾಕಿಸಿದ್ದನೋ ಅದನ್ನು ಶರಣಬಸಪ್ಪ ತಾನೇ ನಿಂತು ಮಾಡಿಸಿದ.

ಹೊರಡುವಾಗ ಪ್ರಭುರಾಜ ಅವನ ಕೈ ಹಿಡಿದು, "ನೀ ಬರದಿದ್ರ ಆ ಮುದುಕಿ ನನ್ನ ಮಾತಿಗೇ ಸಾಯ್ತಿದ್ಲು" ಎಂದು ಮೆಲ್ಲಗೆ ಅಂದ. ಯಾರಿಗೂ ಕೇಳಿಸಲಿಲ್ಲ. ಇದನ್ನಾದರೂ ಜೋರಾಗಿ ಅನ್ನಬಾರದಿತ್ತೇ ಎಂದು ಶರಣಬಸಪ್ಪನಿಗೆ ಅನ್ನಿಸಿತು.

ಕೊಪ್ಪಳದಲ್ಲಿ ಎರಡು ಬೆರಳು ತೆಗೆದರು, ಕಾಲು ಉಳಿಯಿತು. ಪಟ್ಟಿ ಬದಲಿಸಲು ಮಾರೆವ್ವ ಶರಣಬಸಪ್ಪನ ಹತ್ತಿರವೇ ಬರತೊಡಗಿದಳು. ಗಾಯ ಕೆಂಪಗೆ, ಸ್ವಚ್ಛವಾಗಿ ಮಾಗುತ್ತಿತ್ತು. ಒಂದು ದಿನ ಅವಳು, "ನಿಮ್ಮ ಕೈ ಭಾಳ ಹಗುರ ಐತಿ ಬಿಡ್ರಿ ಯಪ್ಪಾ. ಒಂಚೂರೂ ನೋವಾಗಂಗಿಲ್ಲ" ಅಂದಳು.

ಶರಣಬಸಪ್ಪ ತಲೆ ಎತ್ತಿದ. ಇಷ್ಟು ವರ್ಷ ಕಾದಿದ್ದ ಮಾತು.

"ಸಾಹೇಬ್ರು ಅವತ್ತು ನಿಮ್ಮ ಕೈ ಹಿಡದ್ರಲ್ಲ" ಎಂದು ಅವಳು ಮುಂದುವರಿಸಿದಳು. "ಅವ್ರ ಗುಣ ನಿಮಗೂ ಹತ್ತೇತಿ."

ಅವನು ಪಟ್ಟಿಯ ಗಂಟು ಸ್ವಲ್ಪ ಬಿಗಿಯಾಗಿಯೇ ಹಾಕಿದ. ರಾತ್ರಿ ಹೆಂಡತಿಗೆ ಹೇಳಿದರೆ ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಮರುವಾರ ಪಕ್ಕದ ಹಳ್ಳಿಯ ಒಬ್ಬ ರೈತ ಬಂದ. ರಕ್ತದೊತ್ತಡ ವಿಪರೀತ ಏರಿತ್ತು. ಗುಳಿಗೆ ಅಂದ ಕೂಡಲೇ ಅವನು ಕಿಟಕಿಯಾಚೆಯ ಬೀಗ ನೋಡಿ ನಿಟ್ಟುಸಿರಿಟ್ಟು, ಆಮೇಲೆ ನೋಡೋಣ್ರಿ ಎಂದು ಎದ್ದ.

ಶರಣಬಸಪ್ಪನೂ ಎದ್ದ. ನಂತರ ಗುಳಿಗೆಯನ್ನು ತನ್ನ ಬಲ ಅಂಗೈ ಮೇಲಿಟ್ಟುಕೊಂಡು ಅವನ ಮುಂದೆ ಹಿಡಿದ.

"ಕುಂದರು. ಇದು ಮಂತ್ರಿಗಳು ಹಿಡಿದ ಕೈ. ತಗೋ."

ರೈತ ಕೂತ. ಎರಡೂ ಕೈ ಜೋಡಿಸಿ ಚಾಚಿದ.