ಮೂರನೇ ಮರಿ ಯಾರ ಪಾಲು

ರೀಟಾ ಸಾಕುತ್ತಿದ್ದ ಆಡು ರೀಟಾಳದಲ್ಲ. ಹಳಿಯಾಳದ ಸಕ್ಕುಬಾಯಿ ಪಾಲಿಗೆ ಕೊಟ್ಟದ್ದು. ಇಬ್ಬರ ನಡುವಿನ ಮಾತು ಇಷ್ಟೇ: ಅವಳಿ ಈದರೆ ಒಬ್ಬೊಬ್ಬರಿಗೆ ಒಂದು, ಒಂಟಿ ಮರಿಯಾದರೆ ಒಡತಿಗೆ. ಆರಿಸಿಕೊಳ್ಳುವ ಹಕ್ಕೂ ಮೊದಲು ಒಡತಿಗೇ. ಎರಡು ಸಲವೂ ಒಂಟಿಯೇ ಹುಟ್ಟಿತು ನೋಡಿ. ಸೊಪ್ಪು ಕಡಿದು ಕಡಿದು ರೀಟಾಳ ಅಂಗೈ ಒರಟಾಯಿತೇ ಹೊರತು, ನನ್ನದು ಅನ್ನಲಿಕ್ಕೆ ಒಂದು ಬಾಲವೂ ಉಳಿಯಲಿಲ್ಲ. ಒಂದೇ ಒಂದು ಹೆಣ್ಣುಮರಿ ಸಿಕ್ಕರೆ ಅಲ್ಲಿಂದ ತನ್ನ ಹಿಂಡು ಅಂತ ಅವಳ ಆಸೆ.

ಈ ಸಲ ದನದ ಡಾಕ್ಟರ್ ಪೂರ್ಣಿಮಾ ಆಡಿಗೆ ಹಾರ್ಮೋನಿನ ಚುಚ್ಚುಮದ್ದು ಹಾಕಿದ್ದರು. ಎರಡನೇ ದಿನವೇ ಅದು ಬೆದೆಗೆ ಬಂತು, ಬಾಲ ಬಡಿಯಿತು, ಊರೆಲ್ಲ ಕೇಳುವಂತೆ ಒದರಿತು. ಹೋತ ಕೂಡಿಸಿದ ಹತ್ತು ದಿನಕ್ಕೆ ಡಾಕ್ಟರು ಬಂದು ರಕ್ತ ತೆಗೆದುಕೊಂಡು ಹೋದರು. ಆಮೇಲೆ ಫೋನು.

“ಗರ್ಭ ಹಿಡಿದು ನಿಲ್ಲಿಸೂ ಹಾರ್ಮೋನು ಭಾಳ ಏರೇತಿ ರೀಟಾ. ತತ್ತಿ ಒಂದಕ್ಕಿಂತ ಹೆಚ್ಚು ಬಿಡುಗಡೆ ಆಗಿರಬೇಕು.”

“ಆಡಿಗೆ ತತ್ತಿ? ಅದೇನು ಕೋಳಿ ಏನ್ರೀ?”

“ಎಲ್ಲಾ ಹೆಣ್ಣಿಗೂ ಇರತಾವವಾ. ಆದ್ರ ಇದು ಬರೇ ಅಂದಾಜು. ಬಿಟ್ಟ ತತ್ತಿ ಎಲ್ಲಾ ಮರಿ ಆಗೂದಿಲ್ಲ.”

ಆ ಕೊನೆಯ ಮಾತೇ ರೀಟಾಳನ್ನು ಕೊರೆಯಿತು. ಐದು ತಿಂಗಳು ಅವಳು ಕೂತಲ್ಲಿ ಕೂರಲಿಲ್ಲ. ಆಡು ಕೆಮ್ಮಿದರೂ ಓಡಿದಳು, ಕೆಮ್ಮದಿದ್ದರೂ ಓಡಿದಳು. ಹೊಟ್ಟೆಗೆ ಕೈಯಿಟ್ಟು ಎಣಿಸಿದಳು; ಒಂದು ದಿನ ಎರಡು ಅನ್ನಿಸಿತು, ಮರುದಿನ ಒಂದೂ ಇಲ್ಲ ಅನ್ನಿಸಿತು.

ದಿನ ತುಂಬಿತು ಅಂತ ಗೊತ್ತಾಗಿ ಸಕ್ಕುಬಾಯಿ ಬೆಳಗಿನ ಬಸ್ಸಿಗೇ ಬಂದು ಕೂತಿದ್ದಳು. ಮಧ್ಯಾಹ್ನ ಆಡು ಈಯಿತು. ಒಂದು ಹೋತಮರಿ. ಇನ್ನೊಂದು, ಅದೂ ಹೋತಮರಿ. ಎರಡೂ ಅಷ್ಟೊತ್ತಿಗೇ ಎದ್ದು ತೂರಾಡಿದವು. ಮೂರನೆಯದು ಒದ್ದೆ ಅರಿವೆಯ ಹಾಗೆ ಜಾರಿ ಬಿತ್ತು, ಅಲುಗಲಿಲ್ಲ.

“ಮೂರು!” ಅಂದಳು ಸಕ್ಕುಬಾಯಿ. “ಜೋಡಿಯೊಳಗ ಒಂದು ನಂದು, ಒಂಟಿ ಉಳಿದದ್ದೂ ನಂದು. ಎದ್ದ ನಿಂತ ಎರಡೂ ನನಗಿರಲಿ. ಅದು ನಿನಗ.”

“ಸತ್ತದ್ದನ್ನ ಪಾಲು ಕೊಡ್ತೀರೇನ್ರೀ ಬಾಯಿ?”

“ಮೊದಲ ಆರಿಸೂದು ಯಾರು? ಮಾತು ಮಾತs.”

ರೀಟಾ ಬಿದ್ದ ಮರಿಯನ್ನು ಎತ್ತಿಕೊಂಡಳು. ಮರಿಯ ಮೂಗಿನ ಲೋಳೆ ಬೆರಳಿನಿಂದ ತೆಗೆದಳು. ಹಿಂಗಾಲು ಹಿಡಿದು ಒಮ್ಮೆ, ಎರಡು ಸಲ ತೂಗಿದಳು. ಹುಲ್ಲಿನಿಂದ ಎದೆ ತಿಕ್ಕಿದಳು, ತಿಕ್ಕುತ್ತಲೇ ಇದ್ದಳು. ಕೈಯೊಳಗೆ ಏನೋ ಮಿಡುಕಿತು. ಮರಿ ಸೀನಿತು. ಬಾಲ ಎತ್ತಿ ನೋಡಿದಳು: ಹೆಣ್ಣು.

ಸಕ್ಕುಬಾಯಿ ಕತ್ತು ಚಾಚಿದಳು. “ಹೆಣ್ಣೇನs? ತಡಿ, ತಡಿ…”

“ಆರಿಸಿ ಮುಗೀತ್ರೀ ಬಾಯಿ. ಮಾತು ಮಾತs.”

ಆಡಿಗೆ ಇರುವುದು ಎರಡೇ ಮೊಲೆ, ಎರಡಕ್ಕೂ ಹೋತಮರಿಗಳು ಅಂಟಿದ್ದವು. ರೀಟಾ ಒಂದನ್ನು ಕಿತ್ತು ಪಕ್ಕಕ್ಕಿಟ್ಟಳು.

“ಏಯ್, ನನ್ನ ಮರಿ ಅದು!”

“ನಿಮ್ಮವು ನಿಂತಾವು, ನಂದು ಬಿದ್ದೈತಿ. ಈಗ ಇದರ ಪಾಳಿ,” ಅಂದವಳೇ ರೀಟಾ ಹೆಣ್ಣುಮರಿಯ ಬಾಯಿ ಬಿಡಿಸಿ ಒಂದು ಹನಿ ಗಿಣ್ಣುಹಾಲು ಹಿಂಡಿದಳು. ಅದು ನುಂಗಲಿಲ್ಲ. ಮತ್ತೊಂದು ಹಿಂಡಿದಳು. ಗಂಟಲು ಕದಲಿತು.