ಎಡದ ತೋಳುಗಳು

ಕತ್ತರಿಸಿ ಬಂದ ತೋಳುಗಳಲ್ಲಿ ಎಡಕ್ಕೊಂದು ಬಲ ಸೇರಿಸಿ, ದಾರ ಸುತ್ತಿ, ಹೊಲಿಯುವವರ ಮೇಜಿಗೆ ದಾಟಿಸುವುದು ನನ್ನ ಕೆಲಸ. ಇದಕ್ಕೆ ತಲೆ ಬೇಡ, ಕೈಯಿದ್ದರೆ ಸಾಕು. ಆ ಮಂಗಳವಾರ ಹನ್ನೊಂದು ಗಂಟೆಗೆ ನನ್ನ ಕೈ ನಿಂತಿತು. ಒಂದು ಎಡತೋಳು ತೆಗೆದೆ. ಅದರ ಬಲ ಹುಡುಕಿದೆ. ಇನ್ನೊಂದು ಎಡ ಬಂತು. ಅದರ ಕೆಳಗಿನದೂ ಎಡ. ಕಟ್ಟನ್ನು ಪೂರ್ತಿ ಬಿಚ್ಚಿ ಮೇಜಿನ ಮೇಲೆ ಹರಡಿದೆ. ನಲವತ್ತು ಪದರ, ನಲವತ್ತೂ ಎಡ. ಪಕ್ಕದ ಕಟ್ಟಿನಲ್ಲಿ ಕೋಟಿನ ಮುಂಭಾಗಗಳಿದ್ದವು. ಅವೂ ಅಷ್ಟೇ, ಎಲ್ಲ ಒಂದೇ ಕಡೆಯವು.

ಕತ್ತರಿಸಿದವನು ನಮ್ಮಪ್ಪ.

ಕಾರ್ಖಾನೆಯಲ್ಲಿ ಅವನಿಗೆ ‘ಒಂದೇ ಏಟು ಮೇಷ್ಟ್ರು’ ಅಂತ ಹೆಸರು. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಒಮ್ಮೆ ಗುರುತು ಹಾಕಿದರೆ ಮತ್ತೆ ಅಳೆಯುವುದಿಲ್ಲ. ಕರೆಂಟಿನ ಕತ್ತಿಯನ್ನು ಅಂಚಿಗೆ ಇಟ್ಟರೆ ಮೇಜಿನ ಆ ತುದಿ ಮುಟ್ಟುವ ತನಕ ಎತ್ತುವುದಿಲ್ಲ. ಇದನ್ನು ನಾನು ಮಗಳೆಂದು ಹೊಗಳುತ್ತಿಲ್ಲ. ಆ ಉದ್ದದ ಹಾಲ್‌ನಲ್ಲಿ ಅವನಷ್ಟು ನೇರವಾಗಿ ಕೊಯ್ಯುವವರು ಇನ್ನೊಬ್ಬರಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ತೊಂದರೆ ಅಲ್ಲೇ ಇತ್ತು.

ಮೇಜಿನ ಮೇಲೆ ಬಟ್ಟೆ ಹಾಸುವವಳು ಅವನ ಅಕ್ಕ, ನನ್ನ ಅತ್ತೆ. ಬಟ್ಟೆ ಸುತ್ತಿದ ಥಾನು ಬಿಚ್ಚಿ, ಪದರದ ಮೇಲೆ ಪದರ ಎಳೆದು, ಸುಕ್ಕು ತೀಡಿ, ನಾಲ್ಕೂ ಅಂಚು ಕೂಡಿಸುವುದು ಅವಳ ಕೆಲಸ. ಯಾರಾದರೂ ಅವಳ ಕಾಲು ತುಳಿದರೆ ಅವಳೇ ‘ಸಾರಿ’ ಅನ್ನುತ್ತಿದ್ದಳು. ಅದಕ್ಕೇ ಎಲ್ಲರೂ ‘ಸಾರಿ ಅಕ್ಕ’ ಅಂತ ಕರೆಯುತ್ತಿದ್ದರು. ಒಮ್ಮೆ ಇಸ್ತ್ರಿ ಮೇಜಿಗೆ ಡಿಕ್ಕಿ ಹೊಡೆದು ಮೇಜಿಗೂ ಸಾರಿ ಕೇಳಿದ್ದಳು ಎಂದು ಗುಂಡಿ ಹಾಕುವವಳು ಇವತ್ತಿಗೂ ನಗುತ್ತಾಳೆ. ಅದು ನಿಜ, ನಾನೇ ನೋಡಿದ್ದೆ.

ಸಾಮಾನ್ಯವಾಗಿ ನಮ್ಮಲ್ಲಿ ಬಟ್ಟೆಯನ್ನು ಮುಖಕ್ಕೆ ಮುಖ ಕೂಡಿಸಿ ಹಾಸುತ್ತಾರೆ. ಆಗ ಒಂದೇ ತೋಳಿನ ಗುರುತು ಹಾಕಿದರೂ ಒಂದು ಪದರದಲ್ಲಿ ಎಡ, ಮುಂದಿನದರಲ್ಲಿ ಬಲ ತಾನಾಗಿಯೇ ಬರುತ್ತವೆ. ಆ ವಾರ ಬಂದದ್ದು ಕಾವಲುಗಾರರ ಚಳಿ ಕೋಟಿನ ಬಟ್ಟೆ. ಒಂದು ಕಡೆ ಮೆತ್ತಗೆ ಕೂದಲು, ಇನ್ನೊಂದು ಕಡೆ ಬೋಳು. ಕೂದಲು ಒಂದೇ ದಿಕ್ಕಿಗೆ ಮಲಗಬೇಕು, ಇಲ್ಲದಿದ್ದರೆ ಹೊಲಿದ ಮೇಲೆ ಒಂದು ತೋಳು ಕಪ್ಪಗೆ, ಇನ್ನೊಂದು ಬೂದು ಕಾಣುತ್ತದೆ. ಹಾಗಾಗಿ ಎಲ್ಲ ಪದರವನ್ನೂ ಮುಖ ಮೇಲೆ ಮಾಡಿ ಹಾಸಬೇಕು. ಹಾಗೆ ಹಾಸಿದರೆ ಎಡಕ್ಕೆ ಬೇರೆ, ಬಲಕ್ಕೆ ಬೇರೆ ಗುರುತು ಬೇಕು. ಅತ್ತೆ ಸರಿಯಾಗಿಯೇ ಹಾಸಿದ್ದಳು. ಅಪ್ಪ ಹಳೆಯ ಅಭ್ಯಾಸದ ಕೈಯಲ್ಲಿ ಒಂದೇ ಕಡೆಯ ಗುರುತು ಹಾಕಿದ್ದ.

ಬೆಳಿಗ್ಗೆ ಅವಳು ಕೇಳಿದ್ದಳು. ನನ್ನ ಮೇಜು ಅಲ್ಲಿಂದ ನಾಲ್ಕು ಹೆಜ್ಜೆ, ನನಗೆ ಸ್ಪಷ್ಟವಾಗಿ ಕೇಳಿಸಿತ್ತು.

“ತಮ್ಮಾ, ಇದು ಒಂದೇ ಮುಖದ ಹಾಸು. ನಿನ್ನ ಗುರುತಲ್ಲಿ ಬಲತೋಳು ಕಾಣ್ತಿಲ್ವಲ್ಲ?”

ಅಪ್ಪ ತಲೆ ಎತ್ತಲಿಲ್ಲ. “ಹಾಸೋರು ಹಾಸ್ಬೇಕು, ಕೊಯ್ಯೋರು ಕೊಯ್ಬೇಕು. ಕೋಳಿ ಕೂಗಿಲ್ಲ ಅಂದ್ರೆ ಬೆಳಗಾಗಲ್ವಾ?”

ಹೊಲಿಗೆಯವರು ನಾಲ್ಕು ಜನ ನಕ್ಕರು. ಅಪ್ಪನಿಗೆ ಅದು ಬೇಕಿತ್ತು. ಅತ್ತೆ “ಸಾರಿ, ಸುಮ್ನೆ ಕೇಳ್ದೆ” ಅಂದು ಹಿಂದೆ ಸರಿದಳು. ಕತ್ತಿ ಗುಂಯ್ ಅಂದಿತು.

ಈಗ ನಾನು ಎರಡು ತೋಳು ಹಿಡಿದು ಅವನ ಮುಂದೆ ನಿಂತೆ. “ಅಪ್ಪ, ಬಲದ್ದು ಎಲ್ಲಿ?”

ಅವನು ಒಂದನ್ನು ತೆಗೆದುಕೊಂಡ. ತಿರುಗಿಸಿದ. ಇನ್ನೊಂದನ್ನು ಅದರ ಮೇಲಿಟ್ಟ. ಎರಡೂ ಅಂಚಿಗೆ ಅಂಚು ಕೂತವು. ಅವನ ಕಿವಿಯ ಹಿಂದಿನಿಂದ ಬಣ್ಣ ಇಳಿಯುವುದನ್ನು ನೋಡಿದೆ. ಅವನಿಗೆ ಆ ಕ್ಷಣದಲ್ಲೇ ಎಲ್ಲ ಗೊತ್ತಾಯಿತು. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಆದರೆ ಬೇಕಾದಾಗ ಹೇಳಲಿಲ್ಲ.

ಅಷ್ಟರಲ್ಲಿ ಗುಂಡಿಯವಳು ಕತ್ತು ಚಾಚಿದಳು. “ಅಯ್ಯೋ, ಎಲ್ಲಾ ಎಡವಾ? ಎರಡೂ ಎಡಗೈ ಇರೋ ಕಾವಲುಗಾರರನ್ನ ಎಲ್ಲಿಂದ ತರೋದು ಮೇಷ್ಟ್ರೇ?”

ಹಾಲ್ ಪೂರ್ತಿ ನಕ್ಕಿತು. ಮೂವತ್ತು ವರ್ಷದಲ್ಲಿ ಅಪ್ಪನನ್ನು ನೋಡಿ ಯಾರೂ ನಕ್ಕಿರಲಿಲ್ಲ. ನಗು ಕೇಳಿ ಮ್ಯಾನೇಜರ್ ಹೊರಗೆ ಬಂದ. ಕನ್ನಡಕವನ್ನು ಹಣೆಗೇರಿಸಿಕೊಂಡೇ ಓಡಾಡುವ, ಅಪ್ಪನಿಗಿಂತ ಹತ್ತು ವರ್ಷ ಚಿಕ್ಕ ಮನುಷ್ಯ. ಮೇಲಿನ ಪದರದ ತೋಳೊಂದನ್ನು ಎತ್ತಿಕೊಂಡ. ಸೀಮೆಸುಣ್ಣದ ಗೆರೆ ಅದರ ಮೇಲೇ ಇತ್ತು. ಕನ್ನಡಕ ಕೆಳಗಿಳಿಸಿ ನೋಡಿದ.

“ಈ ಬಣ್ಣದ ಬಟ್ಟೆ ಇನ್ನೊಂದು ಥಾನೂ ಸಿಗಲ್ಲ. ಇದು ಹೇಗಾಯ್ತು?”

ಅಪ್ಪ ಹೇಳಿದ: “ಹಾಸು ತಪ್ಪಿದೆ.”

ಎರಡೇ ಮಾತು. ನಾನು ಆಮೇಲೆ ಎಷ್ಟೋ ಸಲ ಅದನ್ನು ತಿರುಗಿಸಿ ನೋಡಿದ್ದೇನೆ. ‘ಅಕ್ಕ ತಪ್ಪು ಮಾಡಿದಳು’ ಅಂತ ಅವನು ಹೇಳಲಿಲ್ಲ. ತನ್ನ ಗುರುತಿಗೆ ಆ ಹಾಸು ಹೊಂದಲಿಲ್ಲ ಎಂಬ ಅರ್ಥದಲ್ಲಿ ಹೇಳಿದೆ ಅಂತ ತನಗೆ ತಾನೇ ಸಮಾಧಾನ ಮಾಡಿಕೊಂಡಿರಬಹುದು. ಆದರೆ ಹಾಲ್‌ನ ಐವತ್ತು ತಲೆಗಳು ಒಟ್ಟಿಗೆ ಅತ್ತೆಯ ಕಡೆ ತಿರುಗಿದವು.

ಅತ್ತೆ ಅಪ್ಪನ ಮುಖ ನೋಡಿದಳು. ಆಮೇಲೆ ಮ್ಯಾನೇಜರ್‌ಗೆ ಹೇಳಿದಳು, “ತಪ್ಪಾಯ್ತು ಸಾರ್.”

ತಪ್ಪು ತನ್ನದೆಂದು ಬರೆದ ಒಂದು ಹಾಳೆಗೆ ಅವಳ ಸಹಿ ಹಾಕಿಸಿಕೊಂಡರು. ಶನಿವಾರ ಅವಳ ಕೆಲಸದ ಕೊನೆಯ ದಿನ. ಅಲ್ಲಿಯವರೆಗೆ ಹಾಸುವ ಮೇಜು ಮುಟ್ಟುವಂತಿಲ್ಲ, ಕೆಳಗಿನ ಕೋಣೆಯಲ್ಲಿ ಕೂತು ಹೊಲಿಗೆಯ ತುದಿ ದಾರ ಕತ್ತರಿಸಬೇಕು. ಹೊಸದಾಗಿ ಸೇರಿದವರಿಗೆ ಕೊಡುವ ಕೆಲಸ ಅದು.

ಇನ್ನೊಂದು ವಿಷಯ ಹೇಳದಿದ್ದರೆ ಇದು ಅರ್ಧವಾಗುತ್ತದೆ. ಆ ಕತ್ತಿಯ ಮೇಜು ಮೊದಲು ಅತ್ತೆಯದಾಗಿತ್ತು. ಹನ್ನೊಂದು ವರ್ಷ ಅವಳು ಕೈಕತ್ತರಿಯಲ್ಲಿ ಕೊಯ್ದಿದ್ದಳು. ಹೆಬ್ಬೆರಳಿನ ಕೀಲು ಸವೆದಾಗ ಕೆಲಸವಿಲ್ಲದೆ ಅಲೆಯುತ್ತಿದ್ದ ತಮ್ಮನನ್ನು ಕರೆತಂದು, ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿ, ಹಳೆಯ ಯಜಮಾನರಿಗೆ “ನನಗಿಂತ ಇವನ ಕೈ ಚೆನ್ನಾಗಿದೆ” ಅಂದಿದ್ದಳು. ಆಗ ಅದು ಸುಳ್ಳು. ನಾಲ್ಕೈದು ವರ್ಷದಲ್ಲಿ ನಿಜವಾಯಿತು. ಅಪ್ಪ ಮಾತ್ರ “ನಾನು ಯಾರ ಹತ್ತಿರಾನೂ ಕಲ್ತಿಲ್ಲ, ನೋಡಿ ಕಲ್ತಿದ್ದು” ಅನ್ನುತ್ತಿದ್ದ. ಅವಳೂ ಹೂಂ ಅನ್ನುತ್ತಿದ್ದಳು.

ಅತ್ತೆ ಮದುವೆಯಾಗಲಿಲ್ಲ, ನಮ್ಮ ಜೊತೆಗೇ ಇದ್ದಳು. ಮೂರು ಕೋಣೆಯ ಮನೆ. ಅಡುಗೆಮನೆಗೂ ಹೊರಕೋಣೆಗೂ ನಡುವಿನ ದಾರಿಯಲ್ಲಿ ಅವಳ ಮಂಚ. ಸ್ನಾನಕ್ಕೆ ಹೋಗುವವರೆಲ್ಲ ಆ ಮಂಚ ಸವರಿಕೊಂಡೇ ಹೋಗಬೇಕು. ಸಂಬಳ ಬರುತ್ತಿರುವ ತನಕ ಅವಳು ಆ ಮನೆಯಲ್ಲಿ ತಲೆ ಎತ್ತಿ ಊಟ ಮಾಡಬಹುದಿತ್ತು. ಅದು ನಿಂತರೆ ಏನಾಗುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಬುಧವಾರ ಸಂಜೆ ಊಟಕ್ಕೆ ಕೂತಾಗ ಅಮ್ಮ ಕೇಳಿಯೇಬಿಟ್ಟಳು. ನಾನು ಅವಳಿಗೆ ಎಲ್ಲ ಹೇಳಿದ್ದೆ. ಹೇಳಬಾರದ ಕಡೆ ನನ್ನ ಬಾಯಿ ಚೆನ್ನಾಗಿಯೇ ನಡೆಯುತ್ತದೆ.

“ಏನ್ರೀ, ಜಟ್ಟಿ ಕೆಳಗೆ ಬಿದ್ರೂ ಮೀಸೆ ಮಣ್ಣಾಗಿಲ್ಲ ಅಂತ ಕೂತಿದ್ದೀರಲ್ಲ. ಹೋಗಿ ಒಂದು ಮಾತು ಹೇಳ್ರೀ. ‘ಗುರುತು ನಂದು’. ಎರಡು ಪದ.”

“ಊಟಕ್ಕೆ ಕೂತಾಗ ಕಾರ್ಖಾನೆ ತರಬೇಡ.”

“ಕಾರ್ಖಾನೆ ನಾನು ತಂದಿಲ್ಲ, ಅದೇ ತಟ್ಟೆ ಮುಂದೆ ಕೂತಿದೆ.” ಅಮ್ಮ ಅತ್ತೆಯತ್ತ ಗಲ್ಲ ಚಾಚಿದಳು. ಅತ್ತೆ ತಟ್ಟೆ ನೋಡುತ್ತಿದ್ದಳು.

“ನಿಮ್ಮನ್ನ ಅವರು ತೆಗೀತಾರಾ? ತೆಗೆಯಲ್ಲ. ಒಂದು ದಿನ ನಗ್ತಾರೆ, ಅಷ್ಟೇ ತಾನೇ?” ಅಂದಳು ಅಮ್ಮ, ಅಪ್ಪನ ಕಡೆ ತಿರುಗಿ.

“ಹೇಳ್ತೀನಿ,” ಅಂದ ಅಪ್ಪ. “ಸಮಯ ನೋಡಿ ಹೇಳ್ತೀನಿ.”

“ಶನಿವಾರದ ಮೇಲೆ ಯಾವ ಸಮಯ?”

“ಬಿಡು ಅತ್ತಿಗೆ,” ಅಂದಳು ಅತ್ತೆ. ತಮ್ಮನ ಹೆಂಡತಿಯನ್ನು ಅತ್ತಿಗೆ ಎಂದು ಕರೆಯುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಮನೆಯೊಡತಿಗೆ ದೊಡ್ಡ ಸಂಬೋಧನೆಯೇ ಇರಲಿ ಅಂತ ಅವಳೇ ಶುರು ಮಾಡಿಕೊಂಡದ್ದು.

ಗುರುವಾರ ಅಪ್ಪ ಪ್ರಯತ್ನಪಟ್ಟ. ಅದನ್ನು ಮುಚ್ಚಿಡುವುದಿಲ್ಲ. ಕತ್ತಿ ನಿಲ್ಲಿಸಿ, ಕೈ ಒರೆಸಿಕೊಂಡು, ಮ್ಯಾನೇಜರ್ ಬಾಗಿಲ ತನಕ ಹೋದ. ನಾನು ಅಲ್ಲೇ ಪಕ್ಕದ ಕಪಾಟಿನಲ್ಲಿ ದಾರದ ಉಂಡೆ ತೆಗೆಯುತ್ತಿದ್ದೆ.

“ಏನು ಮೇಷ್ಟ್ರೇ?”

ಅಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. “ಬ್ಲೇಡು ಬದಲಾಯಿಸ್ಬೇಕು.”

ಬ್ಲೇಡು ಸೋಮವಾರ ಹಾಕಿದ್ದು. ಮ್ಯಾನೇಜರ್ ಏನೂ ಕೇಳದೆ ಚೀಟಿ ಬರೆದುಕೊಟ್ಟ. ಅಪ್ಪ ಹೊಸ ಬ್ಲೇಡನ್ನು ಹಾಕಲೂ ಇಲ್ಲ. ಮಧ್ಯಾಹ್ನ ಇನ್ನೊಮ್ಮೆ ಹೋಗಿ, ಬಾಗಿಲು ಮುಟ್ಟಿ ತಿರುಗಿ ಬಂದ. ಅವತ್ತು ಅವನನ್ನು ನೋಡಿ ನನಗೆ ಸಿಟ್ಟಿಗಿಂತ ಅಸಹ್ಯ ಹೆಚ್ಚಾಯಿತು. ಹೊರೆ ಎತ್ತಲಾಗದವನ ಅಸಹಾಯಕತೆ ಬೇರೆ. ಇವನ ಹೊರೆ ಬರೀ ಎರಡು ಪದ.

ಶುಕ್ರವಾರ ನಾನೇ ಹೋದೆ. ಎಲ್ಲ ಹೇಳಿದೆ: ಬೆಳಿಗ್ಗೆ ಅತ್ತೆ ಕೇಳಿದ್ದು, ಅಪ್ಪ ಅಂದದ್ದು, ಗುರುತು ಒಂದೇ ಕಡೆಯದಾಗಿದ್ದದ್ದು.

ಮ್ಯಾನೇಜರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. “ನನಗೆ ಕಣ್ಣಿಲ್ವಾ? ಗೆರೆ ಬಟ್ಟೆ ಮೇಲೇ ಇತ್ತಲ್ಲ.”

“ಮತ್ತೆ?”

“ಮತ್ತೆ ಏನು? ನಾನು ಹೇಗಾಯ್ತು ಅಂದೆ. ಮೇಷ್ಟ್ರು ಒಂದು ಹೇಳಿದ್ರು, ನಿಮ್ಮತ್ತೆ ಒಪ್ಕೊಂಡ್ರು. ನೀನೂ ಅಲ್ಲೇ ಇದ್ದೆ. ಎಲ್ಲರ ಬಾಯಿಗೂ ಬೀಗ. ಮೇಲಿನವರಿಗೆ ಒಂದು ಹೆಸರು ಕಳಿಸ್ಬೇಕಿತ್ತು, ಕಳಿಸಿದೆ. ಹಾಸೋರು ಸಿಗ್ತಾರಮ್ಮ, ಆ ಥರ ಕೊಯ್ಯೋರು ಸಿಗಲ್ಲ.” ಕನ್ನಡಕವನ್ನು ಮತ್ತೆ ಹಣೆಗೇರಿಸಿಕೊಂಡು ಸೇರಿಸಿದ, “ಮೇಷ್ಟ್ರೇ ಬಂದು ಹೇಳಿದ್ರೆ ಆ ಹಾಳೆ ಹರಿದು ಹಾಕ್ತೀನಿ. ನಾಳೆ ಐದು ಗಂಟೆ ತನಕ ಇದೆ. ನೀನು ಹೇಳಿದ್ದು ಲೆಕ್ಕಕ್ಕಿಲ್ಲ.”

ಅದನ್ನು ನಾನು ಅವತ್ತೇ ಮನೆಗೆ ಹೋಗುವಾಗ ಅಪ್ಪನಿಗೆ ತಲುಪಿಸಿದೆ. ನೀನು ಹೋದೆಯಾ ಅಂತ ಅವನು ಬೈಯಲಿಲ್ಲ. “ಐದು ಗಂಟೆ ತನಕವಾ?” ಅಂದ, ಅಷ್ಟೇ.

ಶನಿವಾರ ನಾಲ್ಕೂವರೆಗೆ ಅಪ್ಪ ಕತ್ತಿ ಆರಿಸಿದ. ಮೇಲಂಗಿಯ ಗುಂಡಿ ಹಾಕಿಕೊಂಡ. ಮ್ಯಾನೇಜರ್ ಕೋಣೆಗೆ ಹೋಗುವುದರ ಬದಲು ಮೆಟ್ಟಿಲಿಳಿದ. ನಾನು ಹಿಂದೆಯೇ ಇಳಿದೆ. ಮೊದಲು ಅಕ್ಕನಿಗೆ ಹೇಳಿ, ಆ ಧೈರ್ಯದಲ್ಲಿ ಮೇಲೆ ಬರುತ್ತಾನೆ ಅಂದುಕೊಂಡೆ. ಈಗಲೂ ಅವನ ಮನಸ್ಸಿನಲ್ಲಿ ಅದೇ ಇತ್ತು ಅಂತ ನಂಬುತ್ತೇನೆ.

ಕೆಳಕೋಣೆಗೆ ಕಿಟಕಿಯಿಲ್ಲ. ಉದ್ದ ಬೆಂಚಿನ ಮೇಲೆ ಆರು ಜನ ಹೆಂಗಸರು ಟ್ಯೂಬ್‌ಲೈಟಿನಡಿ ಬಗ್ಗಿ ದಾರ ಕತ್ತರಿಸುತ್ತಿದ್ದರು. ಅತ್ತೆ ತುದಿಯಲ್ಲಿದ್ದಳು. ಹೆಬ್ಬೆರಳು ಬಾಗದ್ದರಿಂದ ಚಿಕ್ಕ ಕತ್ತರಿಯನ್ನು ತೋರುಬೆರಳು, ನಡುಬೆರಳಲ್ಲಿ ಸಿಕ್ಕಿಸಿಕೊಂಡಿದ್ದಳು. ಮಡಿಲ ತುಂಬ ದಾರದ ಚೂರು.

ಅಪ್ಪ ಅವಳ ಮುಂದೆ ನಿಂತ. ಕತ್ತರಿಗಳು ಒಂದೊಂದಾಗಿ ನಿಂತವು.

“ಅಕ್ಕ,” ಅಂದ. ಮುಂದೆ ಬರಲಿಲ್ಲ. ಬಾಯಿ ತೆರೆದೇ ಇತ್ತು. ಹಣೆಯ ಮೇಲೆ ಬೆವರು ಒಡೆದಿತ್ತು. ಇನ್ನು ಅರ್ಧ ನಿಮಿಷ ಅವನನ್ನು ಹಾಗೇ ಬಿಟ್ಟಿದ್ದರೆ ಮಾತು ಹೊರಗೆ ಬರುತ್ತಿತ್ತು. ನನಗೆ ಅದು ಗೊತ್ತು. ಅತ್ತೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಅವಳು ಮಡಿಲು ಕೊಡವಿ ಎದ್ದಳು. “ತಪ್ಪಾಯ್ತು ಕಣೋ ತಮ್ಮಾ. ಅವತ್ತು ನಾನು ಇನ್ನೂ ಗಟ್ಟಿಯಾಗಿ ಹೇಳ್ಬೇಕಿತ್ತು. ನಂದೇ ತಪ್ಪು.”

ಅಪ್ಪನ ಬಾಯಿ ಮುಚ್ಚಿತು. ಅವನ ಭುಜ ಇಳಿಯಿತು. ಭಾರ ಹೊತ್ತವನಿಗೆ ಯಾರೋ ಕಟ್ಟೆ ತೋರಿಸಿದ ಹಾಗೆ. ಅಲ್ಲಿದ್ದ ಹೆಂಗಸರನ್ನು ಒಮ್ಮೆ ನೋಡಿದ. ಆಮೇಲೆ ಕೈ ಎತ್ತಿ ಅಕ್ಕನ ಭುಜ ತಟ್ಟಿದ.

“ಹೋಗ್ಲಿ ಬಿಡಕ್ಕ. ನಾನೇನೂ ಮನಸ್ಸಿಗೆ ಹಚ್ಕೊಂಡಿಲ್ಲ.”

ಅವನು ಅವಳನ್ನು ಕ್ಷಮಿಸಿದ. ಪಕ್ಕದ ಹೆಂಗಸೊಬ್ಬಳು “ಎಷ್ಟು ದೊಡ್ಡ ಮನಸ್ಸು” ಅಂದಳು. ಮೇಲೆ ಐದರ ಗಂಟೆ ಹೊಡೆಯಿತು.

ಮನೆಗೆ ಮೂವರೂ ನಡೆದೇ ಹೋದೆವು. ಬೀದಿಯಲ್ಲಿ ಕೆಲಸ ಬಿಟ್ಟವರ ನೂಕುನುಗ್ಗಲು. ಅಪ್ಪ ಮುಂದೆ, ಹತ್ತು ಹೆಜ್ಜೆ ದೂರ, ಎದೆ ಸೆಟೆಸಿ ನಡೆಯುತ್ತಿದ್ದ. ಆ ವಾರದಲ್ಲಿ ಮೊದಲ ಸಲ ಹಗುರವಾಗಿ ನಡೆದದ್ದು. ಅತ್ತೆ ಖಾಲಿ ಊಟದ ಡಬ್ಬಿ ಹಿಡಿದಿದ್ದಳು.

“ಯಾಕತ್ತೆ?” ಅಂದೆ. “ಅವನು ಹೇಳೋಕೇ ಬಂದಿದ್ದ. ನೀನ್ಯಾಕೆ ಬಾಯಿ ಹಾಕ್ದೆ? ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅಂತ ಗೊತ್ತಿಲ್ವಾ ನಿನಗೆ?”

“ಗೊತ್ತು.”

“ಮತ್ತೆ? ಒಳ್ಳೇತನವಾ?”

ಅತ್ತೆ ನಕ್ಕಳು. ಚೆನ್ನಾಗಿರಲಿಲ್ಲ ಆ ನಗು. “ಒಳ್ಳೇತನ ಎಂಥದು ಮಾರಾಯ್ತಿ. ನೋಡು, ಅವನು ಅಷ್ಟು ಜನರ ಮುಂದೆ ನನ್ನ ಹತ್ರ ತಲೆ ಬಗ್ಗಿಸಿದ್ರೆ ಕೆಲಸ ಉಳೀತಿತ್ತು. ಎಷ್ಟು ವರ್ಷ? ಎರಡು, ಮೂರು. ಈ ಬೆರಳು ಇನ್ನೆಷ್ಟು ದಿನ ಥಾನು ಎಳೆಯುತ್ತೆ? ಆಮೇಲೆ ನಾನು ಇರ್ಬೇಕಾದ್ದು ಅವನ ಮನೇಲಿ. ಒಂದು ಸಲ ನನ್ನ ಮುಂದೆ ತಲೆ ಬಗ್ಗಿಸಿದವನು ದಿನಾ ಬೆಳಿಗ್ಗೆ ನನ್ನ ಮಂಚ ದಾಟ್ಕೊಂಡು ಹೋಗ್ಬೇಕು. ಅವನ ಕೈಲಾಗುತ್ತಾ? ನಿಮ್ಮಪ್ಪ ಯಾರನ್ನ ಬೇಕಾದ್ರೂ ಸಾಕ್ತಾನೆ, ತಾನು ಕ್ಷಮೆ ಕೇಳಿದವರನ್ನ ಮಾತ್ರ ಸಾಕಲ್ಲ.”

ಸ್ವಲ್ಪ ದೂರ ಹೋದ ಮೇಲೆ ಅವಳೇ ಅಂದಳು, “ಹತ್ರ ಬಂದಾಗ ಅವನ ಮುಖ ನೋಡ್ದೆ. ಚಿಕ್ಕೋನಿದ್ದಾಗ ಕತ್ತರಿ ಬೀಳಿಸಿ ನಿಲ್ತಿದ್ನಲ್ಲ, ಹಾಗೇ. ಅದೊಂದು ನಂಗೆ ಸಿಕ್ತು. ಸಾಕು.”

ಅವಳ ದನಿಯಲ್ಲಿ ಮೆತ್ತಗಿನದೇನೂ ಇರಲಿಲ್ಲ. ಇಷ್ಟು ವರ್ಷ ಅವಳನ್ನು ಪಾಪದವಳು ಅಂದುಕೊಂಡಿದ್ದೆ. ಪಕ್ಕದಲ್ಲಿ ನಡೆಯುತ್ತಿದ್ದ ಆ ಹೆಂಗಸನ್ನು ನಾನು ಅರಿತೇ ಇರಲಿಲ್ಲ ಅನ್ನಿಸಿತು.

ಅಪ್ಪ ಬೀದಿಯ ತಿರುವಿನಲ್ಲಿ ನಿಂತು ಹಿಂತಿರುಗಿ ನೋಡಿದ.

“ಏನು ಮೆರವಣಿಗೆ ಬರ್ತಿದ್ದೀರಾ? ಬೇಗ ಬನ್ನಿ!”

ಅತ್ತೆ ಸೆರಗು ಬಿಗಿದುಕೊಂಡು ದೊಡ್ಡ ಹೆಜ್ಜೆ ಹಾಕತೊಡಗಿದಳು. ಒಂದು ಕ್ಷಣ ನಿಂತೆ. ಆಮೇಲೆ ನಾನೂ ಬೇಗ ಬೇಗ ನಡೆದೆ.